ಸಕ್ರವ್ವ, ನಿಂಬವ್ವರ ಜಗಳದ ಒಳಗು

ಹುಬ್ಬಳ್ಳಿ, ೩೧ನೇ ಫೆಬ್ರುವರಿ ೨೪೧೭

ಹಿಂದಿನ ಕಾಲದ ಹಿರಿಯರಿಗೆ ನಮಸ್ಕಾರ.

ತಾರೀಖು ಕಂಡು ಗಾಬರಿಯಾಗಬೇಡಿ. ಫೆಬ್ರುವರಿಗೆ ಆಗಿದ್ದ ಅನ್ಯಾಯವನ್ನು ನಾವು ಸರಿಪಡಿಸಿದ್ದೇವೆ. ಕೆಲವು ಮಾತುಗಳು ವಿಚಿತ್ರವೆನಿಸಿದರೆ ಕ್ಷಮೆಯಿರಲಿ.

ನಾನು ಚಂದ್ರಕಲಾ ಬೆಟಗೇರಿ, ಅನುಭವಶೋಧಕಿ. ಒಂದು ಅನುಭವ ಅದನ್ನು ಬದುಕುವವರಿಗೆ ಒಳಗಿನಿಂದ ಹೇಗಿರುತ್ತದೆಂದು ಅವರನ್ನೇ ಕೇಳಿ ತಿಳಿಯುವುದು ನನ್ನ ಕೆಲಸ. ಕೇಳುವಾಗ ನಮ್ಮ ಅಭಿಪ್ರಾಯಗಳನ್ನು ಚಪ್ಪಲಿಯಂತೆ ಬಾಗಿಲ ಹೊರಗೇ ಬಿಟ್ಟಿರಬೇಕು. ಈ ಕೆಲಸಕ್ಕೆ ಈಗ ಬೇಡಿಕೆ ಕಡಿಮೆ. ಎಲ್ಲರ ಮಣಿಕಟ್ಟಿನಲ್ಲೂ ಮನಗಡಿಯಾರವಿದೆ. ಮನಸ್ಸು ಶಾಂತವಾಗಿದ್ದರೆ ಹಸಿರು, ಕುದಿದರೆ ಕೆಂಪು. ಇನ್ನು ಕೇಳುವುದೇನಿದೆ ಎನ್ನುತ್ತಾರೆ ಜನ.

ನಮ್ಮ ಓಣಿಯಲ್ಲಿ ಹಳೆ ಬಟ್ಟೆಯ ತುಂಡು ಜೋಡಿಸಿ ಕೌದಿ ಹೊಲಿಯುವ ಅಕ್ಕ ಸಕ್ರವ್ವ, ತಂಗಿ ನಿಂಬವ್ವ ದಿನವಿಡೀ ಜಗಳವಾಡುತ್ತಿದ್ದರು. ಇಬ್ಬರ ಗಡಿಯಾರವೂ ಸದಾ ಕೆಂಪು. ನೆಮ್ಮದಿ ಮಂಡಳಿಯವರು ಅವರನ್ನು ಬೇರೆ ಬೇರೆ ಊರುಗಳಿಗೆ ಕಳಿಸಲು ನಿರ್ಧರಿಸಿ, ಪರೀಕ್ಷೆಗೆಂದು ಮೊದಲು ಬೇರೆ ಬೇರೆ ಮನೆಗಳಲ್ಲಿಟ್ಟರು. ಎರಡೂ ಗಡಿಯಾರ ಹಸಿರಾದವು. ಮಂಡಳಿಯವರು ಪೇಡೆ ಹಂಚಿದರು. ಆಮೇಲೆ, ಶಾಸ್ತ್ರಕ್ಕೆಂದು, ನಾಲ್ಕು ಮಾತು ಕೇಳಿ ಬಾ ಎಂದು ನನ್ನನ್ನು ಕಳಿಸಿದರು.

ಸಕ್ರವ್ವ ಸೂಜಿಯನ್ನೇ ಮುಟ್ಟಿರಲಿಲ್ಲ. "ಹೆಂಗನಸ್ತೈತ್ರಿ?" ಎಂದೆ.

"ಈ ಗ್ವಾಡಿ, ಏನಂದ್ರೂ 'ಹೌದ್ರಿ ಅವ್ವಾರ' ಅಂತೈತಿ. ಮೈಯಾಗ ಜೀವಾನ ಇಲ್ಲದಂಗ ಆಗೇತಿ." ನಮ್ಮ ಗೋಡೆಗಳು ಮಾತಾಡುತ್ತವೆ, ವಿನಯ ಸ್ವಲ್ಪ ಜಾಸ್ತಿ.

ನಿಂಬವ್ವನದೂ ಅದೇ ಪಾಡು. "ಅಕ್ಕ ಬೈದ್ರ ಕೈ ತಾನ ಓಡತಿತ್ತು. ಈಗ ದಾರ ಪೋಣ್ಸಾಕೂ ಮನಸಾಗವಲ್ದು."

ಇಬ್ಬರನ್ನೂ ಒಟ್ಟಿಗೆ ಕೂರಿಸಿ ನೋಡೋಣವೆಂದು ಮಂಡಳಿಯ ಅಧ್ಯಕ್ಷರನ್ನು ಕಾಡಿ ಬೇಡಿ ಕರೆತಂದೆ. ಅರ್ಧ ಹೊಲಿದ ಕೌದಿ ಹರವಿದೆವು. ನಿಂಬವ್ವ ಅದರ ಮೇಲೆ ಹಳದಿ ತುಂಡೊಂದನ್ನು ಇಟ್ಟಳು.

"ಏನಲೇ ಅದು, ಕೌದಿಗೆ ಕಾಮಾಲಿ ಬಂದಂಗ ಕಾಣತೈತಿ!"

"ಕಾಮಾಲಿ ಬಂದಿದ್ದು ನಿನ್ನ ಕಣ್ಣಿಗೆ!"

ಗಡಿಯಾರಗಳು ಕೆಂಡವಾದವು. ಸೂಜಿಗಳು ಓಡತೊಡಗಿದವು. ಅವರ ಮುಖದ ಕಳೆ ನೋಡುತ್ತಾ ನಾನು ಕಲಿತದ್ದೆಲ್ಲ ಮರೆತು, "ನೀಲಿ ಹಚ್ಚಿದ್ರ ಛಲೋ ಕಾಣತಿತ್ತು" ಎಂದುಬಿಟ್ಟೆ. ಅಕ್ಕ-ತಂಗಿ ಒಟ್ಟಾಗಿ ನನ್ನ ಮೇಲೆ ತಿರುಗಿಬಿದ್ದರು.

"ನೀ ಸುಮ್ನ ಕುಂದ್ರವಾ! ಹೊಲಿಯಾಕ ಬರತೈತೇನು ನಿನಗ?"

ಅಧ್ಯಕ್ಷರು ನಗು ತಡೆಯಲಾರದೆ ಕೆಮ್ಮಿದರು. ಬಳಿಕ, ಬಹುಶಃ ಜೀವನದಲ್ಲಿ ಮೊದಲ ಬಾರಿಗೆ, ಗಡಿಯಾರ ನೋಡದೆ ಒಬ್ಬರ ಮುಖ ನೋಡಿ ಕೇಳಿದರು: "ಕೆಂಪಾದಾಗ ನಿಮಗ ಹೆಂಗನಸ್ತೈತ್ರಿ?"

ಸಕ್ರವ್ವ ದಾರ ಕಡಿದು ಹೇಳಿದಳು: "ಮನ್ಯಾಗ ಇದ್ದಂಗ ಅನಸ್ತೈತ್ರಿ."

ಅಂದೇ ಆದೇಶ ರದ್ದಾಯಿತು. ಅಕ್ಕ-ತಂಗಿ ಯಾರ ಗಂಟು ಯಾರು ಹೊರಬೇಕೆಂದು ಕಚ್ಚಾಡುತ್ತಾ ಮನೆಗೆ ಹೋದರು.

ಹಿರಿಯರೇ, ಮನಗಡಿಯಾರವನ್ನು ಮೊದಲು ಮಾಡುವವರು ನಿಮ್ಮ ನಡುವೆಯೇ ಇರಬಹುದು. ಸಿಕ್ಕರೆ ಬಯ್ಯಬೇಡಿ. ಪಕ್ಕದಲ್ಲಿ ಕೂತು, ನಿಮ್ಮ ಮನೆಯಲ್ಲಿ ಹೇಗೆ ಜಗಳವಾಡುತ್ತೀರಿ ಎಂದು ಕೇಳಿ. ಉತ್ತರ ಉದ್ದವಾದರೂ ದಯವಿಟ್ಟು ಪೂರ್ತಿ ಕೇಳಿಸಿಕೊಳ್ಳಿ.

ಇನ್ನೂ ಹುಟ್ಟದ ನಿಮ್ಮ,
ಚಂದ್ರಕಲಾ