ಎಡಭುಜದ ಕಾಲಿಂಚು

ಸೋಮವಾರ, ಅಂಗಡಿ ಬಾಗಿಲು ತೆರೆಯುವ ಮುಂಚೆ

ನನ್ನ ಸಿಡುಕಿ ಮಗಳಿಗೆ ಅಮ್ಮನ ಆಶೀರ್ವಾದ.

ಎರಡು ವರ್ಷದ ಮೇಲೆ ಬರೆಯುತ್ತಿದ್ದೇನೆ. ಪೂರ್ತಿ ಓದು, ಆಮೇಲೆ ಬೇಕಾದರೆ ಹರಿ.

ಅಳತೆ ಕೊಟ್ಟರೆ ಅಂಗಿಯ ಕಟಿಂಗ್ ಬರೆದುಕೊಡುವ ನಿನ್ನ ತಂತ್ರಾಂಶವನ್ನು ತಿಂಗಳ ಕೊನೆಗೆ ಮುಚ್ಚುತ್ತೀಯಂತೆ. ಪಕ್ಕದ ಗುಂಡಿ ಅಂಗಡಿ ಅಕ್ಕ ಹೇಳಿದಳು. ಹೊಲಿಗೆಯವರದೇ ಒಂದು ಪುಟ್ಟ ಜಾಲತಾಣವಿದೆಯಂತೆ. ಯಾವ ಕಂಪನಿಯದೂ ಅಲ್ಲ, ನಿವೃತ್ತ ಅಂಚೆಯಾಕೆಯೊಬ್ಬಳು ಅಡುಗೆಮನೆಯ ಕಂಪ್ಯೂಟರಿನಲ್ಲಿ ನಡೆಸುತ್ತಾಳೆ. ಅವಳ ಮನೆಯ ಕರೆಂಟು ಹೋದರೆ ಅಷ್ಟೂ ಜನ ಮೂಕರು! ಇಂಥವೇ ಬೇರೆ ತಾಣಗಳಿಗೂ ಅಲ್ಲಿಂದ ಮಾತು ಹೋಗಿ ಬರುತ್ತದಂತೆ. ನಮ್ಮಮ್ಮನೇ ಒಪ್ಪದ್ದನ್ನು ಯಾರಿಗೋಸ್ಕರ ಇಟ್ಕೊಳ್ಳಲಿ ಅಂತ ನೀನು ಅಲ್ಲಿ ಬರೆದೆಯಂತೆ.

ಮುಚ್ಚಬೇಡ ಕಣೇ.

ಬಟ್ಟೆಯ ಮೇಲಿಟ್ಟು ಕತ್ತರಿಸುವ ನನ್ನ ಟ್ರಂಕಿನ ಪೇಪರ್ ಕಟಿಂಗನ್ನು ಕೇಳದೆ ಆ ತಂತ್ರಾಂಶದೊಳಗೆ ಹಾಕಿ ಜಗತ್ತಿಗೆಲ್ಲ ಹಂಚಿದೆ ಎಂದು ಗಿರಾಕಿಗಳ ಮುಂದೆ ನಿನ್ನನ್ನು ಕಳ್ಳಿ ಎಂದೆ. ನೀನು ಕೇಳದೆ ತೆಗೆದದ್ದು ತಪ್ಪೇ, ಅದನ್ನು ಈಗಲೂ ಹೇಳುತ್ತೇನೆ. ಆದರೆ ಆ ಮಾತು ಆಡಬಾರದಿತ್ತು.

ಹೋದ ತಿಂಗಳು ಎಲ್ಲಿಯವನೋ ಒಬ್ಬ ದರ್ಜಿ ನಿನ್ನನ್ನು ಕೇಳಿದನಂತಲ್ಲ, ಈ ಕಟಿಂಗಿನಲ್ಲಿ ಎಡಭುಜ ಬಲಕ್ಕಿಂತ ಕಾಲಿಂಚು ಇಳಿದಿದೆಯಲ್ಲ, ಯಾಕೆ ಅಂತ. ಯಾವನೋ ತಲೆಹರಟೆ ಎಂದುಕೊಂಡು ಟ್ರಂಕು ತೆಗೆದು ಟೇಪು ಹಿಡಿದೆ. ಅಯ್ಯೋ ದೇವರೇ, ಹೌದು! ಆ ಕಾಗದ ನನಗೆ ಕೆಲಸ ಕಲಿಸಿದ ನಿನ್ನಜ್ಜಿಯದು. ಅವಳ ಎಡಭುಜ ಇಳಿದಿತ್ತು. ತನ್ನ ಅಂಗಿಗೆಂದು ಎರಡು ಪಕ್ಕವನ್ನೂ ಬೇರೆಬೇರೆ ಬರೆದುಕೊಂಡಿದ್ದಳು. ನಾನು ಅದೇ ನಮ್ಮ ಕಸುಬಿನ ಗುಟ್ಟು ಎಂದು ನಂಬಿ ಮೂವತ್ತು ವರ್ಷ ಊರವರಿಗೆಲ್ಲ ಕತ್ತರಿಸಿದೆ. ಎಡಗಡೆ ಹಿಡಿಯುತ್ತದೆ ಎಂದವರಿಗೆ, ನಿಮ್ಮ ಭುಜವೇ ಸೊಟ್ಟ, ನೆಟ್ಟಗೆ ನಿಲ್ಲಿ ಅಂತ ಗದರಿದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ! ನೀನು ಅದನ್ನು ಹೊರಗೆ ಹಾಕದಿದ್ದರೆ ನನಗೆ ಸಾಯುವವರೆಗೂ ಗೊತ್ತಾಗುತ್ತಿರಲಿಲ್ಲ.

ಟ್ರಂಕಿನ ಬೀಗ ತೆಗೆದಿಟ್ಟಿದ್ದೇನೆ. ಇನ್ನೂ ಹದಿನಾಲ್ಕು ಕಾಗದಗಳಿವೆ. ಈ ಸಲ ಕೇಳಿ ತೆಗೆದುಕೋ, ಕೊಡುತ್ತೇನೆ. ಅವುಗಳಲ್ಲಿ ಯಾರ್ಯಾರ ಸೊಟ್ಟು ಇದೆಯೋ, ನಾಲ್ಕು ಜನ ನೋಡಲಿ. ಭಾನುವಾರ ಅಂಗಡಿಗೆ ರಜೆ. ಬಾ.

ಇಂತು,
ನಿನ್ನನ್ನು ಕಳ್ಳಿ ಎಂದ
ಅಮ್ಮ

ಮರೆತಿದ್ದೆ: ಗುಂಡಿ ಅಂಗಡಿ ಅಕ್ಕ ಏನೂ ಹೇಳಿಲ್ಲ, ಪಾಪ, ಅವಳ ಮೇಲೆ ರೇಗಬೇಡ. ಎರಡು ವರ್ಷದಿಂದ ಆ ತಾಣದಲ್ಲಿ ತೋಳು ಬಿಗಿ, ಕಾಲರು ಸೊಟ್ಟ, ಅಕ್ಷರ ಚಿಕ್ಕದು ಅಂತ ನಿನ್ನ ತಲೆ ತಿನ್ನುತ್ತಿರುವ ‘ಮೊಂಡುಕತ್ತರಿ’ ನಾನೇ. ನೀವು ಥೇಟ್ ನಮ್ಮಮ್ಮನ ಹಾಗೇ ಬೈತೀರ, ದಯವಿಟ್ಟು ನಿಲ್ಲಿಸಬೇಡಿ ಅಂತ ನೀನು ಉತ್ತರ ಬರೆದೆಯಲ್ಲ, ಅವತ್ತು ಯಾರದೋ ಅಂಗಿಗೆ ಎರಡೂ ಎಡತೋಳೇ ಹೊಲಿದುಬಿಟ್ಟೆ.