ಪ್ಲಾಸ್ಟಿಕ್ಕಿನೊಳಗಿನ ಪದವಿಗೆ ಮೊಹರು ಕೂರುವುದಿಲ್ಲ

ದಾಖಲೆ ದೃಢೀಕರಣ ಕಚೇರಿಯ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ,

ನನ್ನ ಪದವಿ ಪ್ರಮಾಣಪತ್ರದ ಮೇಲೆ ನಿಮ್ಮ ಮೊಹರು ಬೀಳಲಿಲ್ಲ. ಹಾಗಾಗಿ ಹೊರದೇಶದ ಶಾಲೆಯೊಂದರಲ್ಲಿ ನನಗೆ ಸಿಕ್ಕಿದ್ದ ಗಣಿತ ಶಿಕ್ಷಕಿಯ ಕೆಲಸ ಹೋಯಿತು. ದೂರು ಇಷ್ಟೇ. ತಾವು ಬಿಡುವಿಲ್ಲದವರು, ಇಲ್ಲಿಗೇ ಓದು ನಿಲ್ಲಿಸಿದರೂ ನನಗೆ ಬೇಸರವಿಲ್ಲ. ಬೇಸರಪಡುವ ಶಕ್ತಿ ನಿಮ್ಮ ಮೂರನೇ ಕೌಂಟರಿನ ಮುಂದೆ ಎಲ್ಲೋ ಮುಗಿದುಹೋಗಿದೆ.

ಮೊಹರು ಯಾಕೆ ಬೀಳಲಿಲ್ಲವೆಂದರೆ, ಪ್ರಮಾಣಪತ್ರಕ್ಕೆ ಲ್ಯಾಮಿನೇಷನ್ ಆಗಿತ್ತು. ಮಾಡಿದವನು ನನ್ನ ಅಣ್ಣ. ಕಾಲೇಜಿನ ಎದುರಿಗೆ ಅವನದೊಂದು ಜೆರಾಕ್ಸ್ ಅಂಗಡಿ ಇದೆ; ಇಬ್ಬರು ಒಳಗೆ ನಿಂತರೆ ಮೂರನೆಯವರು ಬೀದಿಯಲ್ಲಿ ನಿಲ್ಲಬೇಕು, ಅಷ್ಟಗಲದ್ದು. ಅವನು ಓದು ಬಿಟ್ಟು ಅಂಗಡಿ ಹಿಡಿದದ್ದರಿಂದ ನಾನು ಓದಿದೆ. ಪ್ರಮಾಣಪತ್ರ ಕೈಗೆ ಬಂದ ದಿನ ಗಿರಾಕಿಗಳನ್ನೆಲ್ಲ ಆಚೆ ನಿಲ್ಲಿಸಿ, ಮೆಷಿನ್ನಿನ ರೋಲರ್ ಒರೆಸಿ, ಇದ್ದುದರಲ್ಲೇ ದಪ್ಪನೆಯ ಹಾಳೆ ತೆಗೆದು, ಒಂದೇ ಒಂದು ಗುಳ್ಳೆ ಏಳದ ಹಾಗೆ ಅದನ್ನು ಮುಚ್ಚಿದ. ಇನ್ನು ನೀರು ಬಿದ್ದರೂ ಏನೂ ಆಗಲ್ಲ, ಗೆದ್ದಲು ಹತ್ತಿದರೂ ಏನೂ ಆಗಲ್ಲ ಅಂದ. ಮೊಹರು ಹಾಕಬೇಕಾಗಿ ಬಂದರೆ ಏನು ಗತಿ ಎಂಬುದು ಅವನಿಗೆ ಹೇಗೆ ಹೊಳೆಯಬೇಕು? ಬೆಲೆಬಾಳುವ ಕಾಗದ ಮನೆಗೆ ಬಂದರೆ ನಮ್ಮಂಥವರು ಮಾಡುವುದು ಅದನ್ನೇ.

ನಿಮ್ಮ ಗುಮಾಸ್ತರು ಅದನ್ನು ಉಗುರಿನಿಂದ ಕೆರೆದು ನೋಡಿ ವಾಪಸು ತಳ್ಳಿದರು. ಮೊಹರು ಕಾಗದದ ಮೇಲೆಯೇ ಬೀಳಬೇಕಂತೆ, ಪ್ಲಾಸ್ಟಿಕ್ಕಿನ ಮೇಲೆ ಹಾಕಿದರೆ ಅಳಿಸಿಹೋಗುತ್ತದಂತೆ. ನ್ಯಾಯವಾದ ಮಾತು. ದಿನಾ ಅರ್ಧ ಜನ ಹೀಗೇ ಪ್ಲಾಸ್ಟಿಕ್ ಹಿಡಿದುಕೊಂಡು ಬರ್ತಾರೆ ಎಂದೂ ಗೊಣಗಿದರು. ಹಾಗಿದ್ದ ಮೇಲೆ, ಪ್ರಮಾಣಪತ್ರ ಕೊಡುವ ದಿನವೇ ಜೊತೆಗೊಂದು ಎಚ್ಚರಿಕೆಯ ಚೀಟಿ ಕೊಡಿಸಲು ತಮಗೆ ಯಾರ ಅಪ್ಪಣೆ ಬೇಕಿತ್ತು? ಹೋಗಲಿ, ನಿಮ್ಮ ಗೋಡೆಯ ಮೇಲಾದರೂ ಇದೆಯೇ? ಉಗುಳಬಾರದು ಎಂದಿದೆ. ಮೊಬೈಲ್ ಬಳಸಬಾರದು ಎಂದಿದೆ. ಸಿಬ್ಬಂದಿಯ ಜೊತೆ ವಾದಿಸಬಾರದು ಎಂದು ಎರಡು ಕಡೆ ಇದೆ. ಅವೆಲ್ಲ ಲ್ಯಾಮಿನೇಷನ್ ಮಾಡಿದ ಹಾಳೆಗಳು. ಕೆಲಸ ಚೆನ್ನಾಗಿಲ್ಲ, ಗುಳ್ಳೆ ಎದ್ದಿವೆ.

ಬಿಡಿಸಿಕೊಂಡು ಬನ್ನಿ ಎಂದರು. ಅಣ್ಣ ಅಂಗಡಿಯ ಶಟರ್ ಅರ್ಧ ಎಳೆದು ಕೂತ. ಮೇಲೊಂದು ಬಟ್ಟೆ ಹಾಸಿ, ಇಸ್ತ್ರಿಪೆಟ್ಟಿಗೆ ಆಡಿಸಿ ಬಿಸಿ ಮಾಡಿ, ಮೂಲೆಯಿಂದ ಮೆಲ್ಲಗೆ ಎಳೆಯತೊಡಗಿದ. ಮೊದಲು ಅಂಚಿನ ಬಳ್ಳಿಯ ಚಿತ್ರ ಬಂತು. ಆಮೇಲೆ ನನ್ನ ಹೆಸರು ಬಂತು, ಪ್ಲಾಸ್ಟಿಕ್ಕಿಗೇ ಅಂಟಿಕೊಂಡು. ಕಾಗದದಲ್ಲಿ ಹೆಸರಿದ್ದ ಜಾಗ ಬೆಳ್ಳಗೆ, ನಾರುನಾರಾಗಿ ಉಳಿಯಿತು. ಅಲ್ಲಿಗೆ ಕೈ ನಿಲ್ಲಿಸಿದ. ಹೋಗಲಿ ಬಿಡಣ್ಣ ಅಂದೆ.

ಮತ್ತೆ ಬಂದೆ. ಡೂಪ್ಲಿಕೇಟ್ ಪ್ರತಿ ತನ್ನಿ ಎಂದಿರಿ. ವಿಶ್ವವಿದ್ಯಾಲಯದವರು, ಮೂಲ ಪ್ರತಿ ಕಳೆದಿದೆಯೆಂದು ಪೊಲೀಸರಿಂದ ಬರೆಸಿ ತಂದರೆ ಮಾತ್ರ ಕೊಡುತ್ತೇವೆ ಎಂದರು. ಕಳೆದಿಲ್ಲ, ಹಾಳಾಗಿದೆ, ನೋಡಿ ಎಂದು ಮುಂದಿಟ್ಟೆ. ಕಳೆದದ್ದಕ್ಕೆ ನಿಯಮ ಇದೆಯಂತೆ, ಹಾಳಾದದ್ದಕ್ಕೆ ಇಲ್ಲವಂತೆ. ಠಾಣೆಗೆ ಹೋದೆ. ಎಲ್ಲಿ ಕಳೆಯಿತು ಎಂದು ಕೇಳಿದರು. ಬಸ್ಸಿನಲ್ಲಿ ಎಂದೆ. ಅದು ನನ್ನ ತೊಡೆಯ ಮೇಲಿನ ಚೀಲದಲ್ಲೇ ಇತ್ತು. ಉತ್ತರ ಬರದಿದ್ದರೆ ಖಾಲಿ ಬಿಡಿ, ಸುಳ್ಳು ಬರೆಯಬೇಡಿ ಎಂದು ದಿನ ಬೆಳಗಾದರೆ ಮಕ್ಕಳಿಗೆ ಹೇಳುವ ಬಾಯಿ ಇದು. ನಾಚಿಕೆಯಾಗಬೇಕಿತ್ತು, ಆಗಲಿಲ್ಲ. ಸಹಿ ಎಲ್ಲಿ ಹಾಕಬೇಕು ಎಂದಷ್ಟೇ ಕೇಳಿದೆ.

ಡೂಪ್ಲಿಕೇಟ್ ಬಂತು. ನಿಮ್ಮ ಗುಮಾಸ್ತರು ಹಿಂದೆ ಮುಂದೆ ತಿರುಗಿಸಿ ನೋಡಿ, ಇದು ಅಸಲಿಯೋ ಅಲ್ಲವೋ ಎಂದು ವಿಶ್ವವಿದ್ಯಾಲಯದಿಂದ ಖಾತ್ರಿ ಬರಬೇಕು, ಕಾಯಿರಿ ಎಂದರು. ಕಾದೆ. ಆ ಶಾಲೆಯ ಮುಖ್ಯೋಪಾಧ್ಯಾಯಿನಿಯೂ ಪಾಪ, ಕಾದರು. ತರಗತಿಗಳು ಶುರುವಾದ ಮೇಲೆ ಅವರಾದರೂ ಎಷ್ಟು ದಿನ ಕಾಯುತ್ತಾರೆ? ಬೇರೆಯವರನ್ನು ತೆಗೆದುಕೊಂಡೆವು, ತಪ್ಪು ತಿಳಿಯಬೇಡಿ ಎಂದು ಬರೆದರು. ನೀವು ಕೇಳಿದ ಖಾತ್ರಿ ಇನ್ನೂ ಬಂದಿಲ್ಲ.

ನನ್ನದು ಬಿಡಿ. ಹಳೇ ಶಾಲೆಯಲ್ಲೇ ಭಿನ್ನರಾಶಿ ಹೇಳಿಕೊಡುತ್ತಿದ್ದೇನೆ. ಅಣ್ಣ ಮಾತ್ರ ಲ್ಯಾಮಿನೇಷನ್ ಮೆಷಿನ್ನನ್ನು ಮಾರಿಬಿಟ್ಟಿದ್ದಾನೆ, ಅಂಗಡಿಗೆ ಜನ ಬರುತ್ತಿದ್ದದ್ದೇ ಹೆಚ್ಚಾಗಿ ಅದಕ್ಕೆ. ನನ್ನ ಜೊತೆ ಊಟಕ್ಕೆ ಕೂರುವುದಿಲ್ಲ. ನಾನು ತಟ್ಟೆ ಹಾಕಿಕೊಂಡರೆ ಏನೋ ನೆನಪಾದವನಂತೆ ಎದ್ದು ಹೋಗುತ್ತಾನೆ. ಅತ್ತಿಗೆ ಹೇಳಿ ಹೇಳಿ ಸಾಕಾಗಿ ಸುಮ್ಮನಾಗಿದ್ದಾರೆ. ಮೊನ್ನೆ ಕೈ ಹಿಡಿದು ಕೂರಿಸಿ, ತಪ್ಪು ನಿಂದಲ್ಲಣ್ಣ ಎಂದೆ.

"ನೀನು ತಂಗಿ, ಇನ್ನೇನು ಹೇಳ್ತೀಯ?" ಎಂದ. "ಆಫೀಸಿನವರು ಸರಿಯಾಗೇ ಹೇಳಿದ್ರು. ಹಾಳು ಮಾಡಿದ್ದು ನಾನೇ."

ಆದ್ದರಿಂದ ಮಾನ್ಯರೇ, ನನ್ನ ಒತ್ತಾಯ ಒಂದೇ. ಕೆಲಸ ಕೊಡಿಸಿ ಎಂದು ಕೇಳುತ್ತಿಲ್ಲ, ಅದು ತಮ್ಮ ಕೈಯಲ್ಲೂ ಇಲ್ಲ. ಮೊದಲೇ ತಿಳಿಸಬೇಕಾದದ್ದನ್ನು ತಿಳಿಸದೇ ಹೋದದ್ದು ನಾವು, ಈಕೆಯ ಅಣ್ಣನದು ಯಾವ ತಪ್ಪೂ ಇಲ್ಲ ಎಂದು ನಿಮ್ಮ ಕಚೇರಿಯ ಹಾಳೆಯಲ್ಲಿ ಒಂದು ಸಾಲು ಬರೆದು, ಸಹಿ ಮಾಡಿ, ಮೊಹರು ಹಾಕಿ ಕೊಡಿ. ನಾನು ಹೇಳಿದರೆ ಅವನು ನಂಬುತ್ತಿಲ್ಲ. ನಿಮ್ಮ ಮೊಹರಿದ್ದರೆ ನಂಬುತ್ತಾನೆ.

ಇಂತಿ,
ಇಲ್ಲೇ ಉಳಿದ
ಗಣಿತ ಶಿಕ್ಷಕಿ