ಓದಿ ಹೇಳಬೇಡಿ

ಅಮ್ಮಾನ್, ಜೋರ್ಡಾನ್
೯ ಏಪ್ರಿಲ್ ೧೯೮೪

ಅವ್ವಾ,

ಮಾತೃಶ್ರೀಯವರ ಪಾದಾರವಿಂದಗಳಿಗೆ ಎಂದೆಲ್ಲ ಬರೆದರೆ, ಇದು ಯಾರದೋ ಕಾಗದ ಎಂದು ನೀನು ಎದ್ದು ಬಸ್ಸಿಗೆ ಹೋಗಿಬಿಡುತ್ತೀಯ. ಆದ್ದರಿಂದ ಬರೀ ಅವ್ವ. ನಾನು ಚೆನ್ನಾಗಿದ್ದೇನೆ. ಊಟ ಸರಿಯಾಗಿದೆ. ಮುದ್ದೆ ಇಲ್ಲ. ಅದೊಂದನ್ನು ಪದೇ ಪದೇ ಕೇಳಬೇಡ, ಕೇಳಿದಷ್ಟೂ ಹಸಿವಾಗುತ್ತದೆ.

ನೀನೀಗ ಕೊಡಿಗೇನಹಳ್ಳಿಯಲ್ಲಿ ಜಹೀರ್ ಸಾಬರ ಟೈಲರ್ ಅಂಗಡಿಯ ಬೆಂಚಿನ ಮೇಲೆ ಕಾಲು ಮಡಚಿ ಕೂತಿದ್ದೀಯ. ಅವರು ಮಿಷನ್ ನಿಲ್ಲಿಸಿ, ಕನ್ನಡಕ ಒರೆಸಿಕೊಂಡು, ಇದನ್ನು ಓದಿ ಹೇಳುತ್ತಿದ್ದಾರೆ. ನನಗೆ ಇಲ್ಲಿಂದಲೇ ಕಾಣುತ್ತದೆ. ಅವರಿಗೆ ನನ್ನ ನಮಸ್ಕಾರ ಹೇಳು. ಅವರೇ ಓದುತ್ತಿರುವುದರಿಂದ ಹೇಳಿದ ಹಾಗೇ ಆಯಿತು.

ನಿನ್ನ ಕಾಗದ ಬಂತು. ಮುಂಗಾರು ಹಿಡಿಯುವುದರೊಳಗೆ ಲಗ್ನ ಮುಗಿಸೋಣ ಎಂದು ಮಾವ ಹೇಳಿಕಳಿಸಿದ್ದಾನೆ, ಅವನ ಮಗ ಕ್ಯಾತಪ್ಪನಿಗೂ ವಯಸ್ಸು ಮೀರುತ್ತಿದೆ, ಏನು ಹೇಳಲಿ ಎಂದು ಕೇಳಿದ್ದೀಯ. ಆ ಕಾಗದವನ್ನು ದಿಂಬಿನ ಕೆಳಗಿಟ್ಟುಕೊಂಡು ಮಲಗುತ್ತಿದ್ದೇನೆ. ಉತ್ತರ ಹೇಳುತ್ತೇನೆ. ಮೊದಲು ನಾನಿಲ್ಲಿ ಏನು ಮಾಡುತ್ತಿದ್ದೇನೆ ಎಂದು ಹೇಳಬೇಕು. ಗಿರಿಯಮ್ಮನ ಮಗಳು ಅರಬರ ದೇಶದಲ್ಲಿ ಯಾರದೋ ಮನೆಯ ಮುಸುರೆ ತಿಕ್ಕುತ್ತಿದ್ದಾಳೆ ಎಂದು ಹಟ್ಟಿಯವರು ಆಡಿಕೊಳ್ಳುತ್ತಾರಂತೆ.

ಆಡಿಕೊಳ್ಳಲಿ. ನಾನು ಓದುತ್ತಿರುವುದು ಅರಬರ ರಾಜಕೀಯ ಮತ್ತು ಅವರ ಬಾಳುವೆ. ದೆಹಲಿಯ ನಮ್ಮ ಪ್ರೊಫೆಸರು ಒಂದು ಪ್ರಶ್ನೆ ಕೊಟ್ಟು ಕಳಿಸಿದ್ದಾರೆ. ಕುರಿ, ಮೇಕೆ, ಒಂಟೆಗಳ ಹಿಂದೆ ಅಲೆಯುವ, ಬದು ಎನ್ನುವ ಜನರನ್ನು ಸರ್ಕಾರ ಮನೆ ಕಟ್ಟಿಸಿ ಒಂದು ಕಡೆ ಕೂರಿಸಿದರೆ ಅವರ ಕುಲದ ಕಟ್ಟಳೆಗಳು ಏನಾಗುತ್ತವೆ? ಕುಲದ ನ್ಯಾಯ ಇನ್ನು ನಡೆಯುವುದಿಲ್ಲ ಎಂದು ಇಲ್ಲಿನ ಸರ್ಕಾರ ಎಂಟು ವರ್ಷದ ಹಿಂದೆಯೇ ಕಾನೂನು ಮಾಡಿದೆ. ಹೋದ ತಿಂಗಳ ಉಪಚುನಾವಣೆಯಲ್ಲಿ ಹೆಂಗಸರೂ ಮೊದಲ ಸಲ ವೋಟು ಹಾಕಿದರು. ಕಾಗದದ ಮೇಲೆ ಬೇಕಾದಷ್ಟು ಬದಲಾಗಿದೆ, ಗುಡಾರದೊಳಗೆ ಏನಾಗಿದೆ ಎಂದು ನೋಡುವುದು ನನ್ನ ಕೆಲಸ. ಗಂಡಸು ಪಂಡಿತರಿಗೆ ಹೆಂಗಸರ ಕಡೆಯ ಪರದೆ ಸರಿಯುವುದಿಲ್ಲ, ನನಗೆ ಸರಿಯುತ್ತದೆ.

ಗುಡಾರ ಮೇಕೆಯ ಕೂದಲಿನದು, ಕಪ್ಪಗಿರುತ್ತದೆ. ಒಳಗೆ ಕಾಲಿಟ್ಟ ಮೊದಲ ದಿನ ನಿನ್ನ ಕಂಬಳಿಯ ವಾಸನೆ ಬಂತು. ನೋಟ್ಸ್ ಬರೆದುಕೊಳ್ಳಲು ಹೋದವಳು ಅತ್ತುಬಿಟ್ಟೆ. ಆ ಮನೆಯ ಯಜಮಾನಿಯನ್ನು ಉಮ್ ಸಾಲಿಮ್ ಎನ್ನುತ್ತಾರೆ, ಹಾಗೆಂದರೆ ಸಾಲಿಮನ ತಾಯಿ. ಇಂಡಿಯಾದವಳಿಗೆ ಹೊಗೆ ಆಗುವುದಿಲ್ಲ ಎಂದುಕೊಂಡು ಪಾಪ ಒಲೆ ಆರಿಸಿದಳು. ನಾನೂ ಹೊಗೆಯೇ ಕಾರಣ ಎಂದೆ.

ಇವರಲ್ಲಿ ಹುಡುಗಿಯ ಮೇಲೆ ಮೊದಲ ಹಕ್ಕು ಅಪ್ಪನ ಅಣ್ಣತಮ್ಮಂದಿರ ಮಗನದು. ಥೂ ಎಂದೆಯಾ? ದೊಡ್ಡಪ್ಪನ ಮಗ ನಮಗೆ ಅಣ್ಣ, ಇವರಿಗೆ ಗಂಡನಾಗುವವನು. ನಮ್ಮಲ್ಲಿ ಹೆಣ್ಣನ್ನು ಸೋದರಮಾವನ ಮಗ ಕೇಳುತ್ತಾನೆ ಎಂದು ನಾನು ಹೇಳಿದಾಗ ಉಮ್ ಸಾಲಿಮಳಿಗೂ ಹೀಗೇ ಆಯಿತು. ಮನೆಯ ಮಗಳನ್ನು ಅಪ್ಪನ ಕುಲ ಬಿಟ್ಟು ಹೊರಗೆ ಕೊಡುತ್ತೀರಾ ಎಂದು ಕೆನ್ನೆಗೆ ಕೈ ಇಟ್ಟುಕೊಂಡಳು. ಆ ಹಕ್ಕಿನವನು ಹಿರಿಯರ ಮುಂದೆ ಬಿಟ್ಟುಕೊಟ್ಟೆ ಎನ್ನುವವರೆಗೆ ಅವಳನ್ನು ಬೇರೆಯವರು ಮದುವೆಯಾಗುವ ಹಾಗಿಲ್ಲ. ಉಮ್ ಸಾಲಿಮಳ ಮಗಳು ನೂರಾಳನ್ನು ಪಟ್ಟಣದ ಒಬ್ಬ ಮೇಷ್ಟ್ರು ಕೇಳಿದ್ದ. ದೊಡ್ಡಪ್ಪನ ಮಗ ಮಿಲಿಟರಿಯಲ್ಲಿದ್ದವನು ರಜೆಯ ಮೇಲೆ ಬಂದ. ಮೇಷ್ಟ್ರ ಕಡೆಯ ಹಿರಿಯ ತನ್ನ ಮುಂದಿಟ್ಟ ಕಾಫಿಯನ್ನು ಮುಟ್ಟಲಿಲ್ಲ, ಕೇಳಿದ್ದು ಸಿಗುವವರೆಗೆ ಮುಟ್ಟಬಾರದು. ಕೊನೆಗೆ ದೊಡ್ಡಪ್ಪನ ಮಗ ಬಿಟ್ಟುಕೊಟ್ಟೆ, ಕುಡಿಯಿರಿ ಎಂದ. ಪರದೆಯ ಈ ಕಡೆ ನೂರಾ ನನ್ನ ಕೈಯನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದಳೆಂದರೆ ನನ್ನ ಬಳೆ ಒಡೆದುಹೋಯಿತು. ನನ್ನ ಪ್ರಬಂಧದಲ್ಲಿ ಇದೆಲ್ಲ ಅರ್ಧ ಪುಟ ಆಗುತ್ತದೆ.

ಅವ್ವಾ, ನಾನು ಹುಟ್ಟಿದಾಗ ಮಾವ ನಿನ್ನ ಮಡಿಲಿಗೆ ವೀಳ್ಯ ಹಾಕಿ, ಇವಳು ನಮ್ಮನೆಗೆ ಎಂದನಂತೆ. ಕ್ಯಾತಪ್ಪ ಹಟ್ಟಿಯ ಯಜಮಾನರ ಮುಂದೆ ಆ ವೀಳ್ಯವನ್ನು ವಾಪಸು ತೆಗೆದುಕೊಳ್ಳಬೇಕು. ನನ್ನ ಉತ್ತರ ಇದು. ಅವನ ಮೇಲೆ ನನಗೆ ಒಂದಿಷ್ಟೂ ಬೇಸರವಿಲ್ಲ. ನನ್ನ ಪುಸ್ತಕದ ಗಂಟನ್ನು ತಲೆಯ ಮೇಲೆ ಹೊತ್ತು ಮಧುಗಿರಿಯ ಹಾಸ್ಟೆಲ್ಲಿಗೆ ಬಿಟ್ಟು ಬಂದವನೇ ಅವನು. ಅವನನ್ನು ಬಲವಂತ ಮಾಡಬೇಡ, ಕೇಳು. ಯಾಕೆ ಎಂದರೆ ಓದು ಮುಗಿದಿಲ್ಲ ಎಂದು ಹೇಳು. ಮನಸ್ಸಿನಲ್ಲಿ ಯಾರನ್ನಾದರೂ ಇಟ್ಟುಕೊಂಡಿದ್ದೀಯಾ ಎಂದು ನೀನು ಕೇಳದೆ ಬಿಡುವವಳಲ್ಲ. ಈ ದೇಶದಲ್ಲಿ ಅಂಥವರು ಯಾರೂ ಇಲ್ಲ, ಮನೆದೇವರು ಜುಂಜಪ್ಪನ ಆಣೆ.

ಸಂಜೆಯಾದರೆ ಇಲ್ಲಿ ಸುತ್ತಲಿನ ಗುಡ್ಡಗಳಿಂದ ಒಟ್ಟಿಗೇ ಆಜಾನ್ ಕೇಳುತ್ತದೆ. ಆಗ ನನಗೆ ಪುರವರದ ಕಡೆಯಿಂದ ಬರುವ ಬಸ್ಸು, ಅದರ ಧೂಳು, ಕೊಡಿಗೇನಹಳ್ಳಿಯ ಹುರಿದ ಕಡಲೇಕಾಯಿ, ಅಂಗಡಿಯೊಳಗಿನ ಮಿಷನ್ ಸದ್ದು ಎಲ್ಲ ಬೇಕೆನಿಸುತ್ತದೆ. ದಿಗಂತದಲ್ಲಿ ಮಧುಗಿರಿ ಬೆಟ್ಟ ಇಲ್ಲದ ಆಕಾಶ ನನಗೆ ಇನ್ನೂ ಒಗ್ಗಿಲ್ಲ. ಊರು ಬೇಕು ಅವ್ವಾ, ತುಂಬಾ ಬೇಕು. ಆದರೆ ಲಗ್ನಕ್ಕೆಂದು ಬರಲಾರೆ.

ನಿನ್ನ ಮಗಳು,
ಜುಂಜಿ

ಮ.ವಿ.: ಜಹೀರ್, ಇಲ್ಲಿಂದ ಮುಂದಿನದನ್ನು ಅವ್ವನಿಗೆ ಓದಿ ಹೇಳಬೇಡಿ. ನಮ್ಮ ಹಟ್ಟಿಯ ಹನುಮಕ್ಕನ ಮಗ ತಾಯಿಯನ್ನೇ ಬೈದು ಬರೆದಿದ್ದನ್ನೂ ಒಂದಕ್ಷರ ಬಿಡದೆ ಅವಳಿಗೆ ಓದಿದವರು ನೀವು. ಕಾಗದ ಯಾರದೋ ಅವರಿಗೆ ಪೂರ್ತಿ ಸಲ್ಲಬೇಕು ಎನ್ನುತ್ತೀರಿ. ಇದೊಂದು ಸಲ ಬಿಟ್ಟುಬಿಡಿ. ನನ್ನ ಲಗ್ನದ ಮಾತನ್ನು ನಿಮ್ಮ ಕೈಯಲ್ಲೇ ಬರೆದಿರಿ, ಒಂದು ಕಡೆಯೂ ಚಿತ್ತಿಲ್ಲ, ಕಾಟಿಲ್ಲ. ಅದಕ್ಕೆ ನನಗೆ ಸಿಟ್ಟು ಬಂದಿದೆ. ಅಂಗಡಿಯ ಸೀಮೆಸುಣ್ಣದಲ್ಲಿ ಬಟ್ಟೆಯ ಮೇಲೆ ಅರಬಿಯ ಅಲಿಫ್, ಬೇ ಬರೆದು ತೋರಿಸಿದವರು ನೀವು. ಆಗ ನೀವು, ನನಗೆ ಓದಲು ಬರುತ್ತದೆ, ಅರ್ಥ ಬರುವುದಿಲ್ಲ, ಅದನ್ನು ನೀನು ಕಲಿತು ಬಂದು ಹೇಳು ಎಂದಿದ್ದಿರಿ. ಕಲಿತಿದ್ದೇನೆ. ಹೇಳಬೇಕೆಂದರೆ ಎದುರಿಗೆ ನೀವಿಲ್ಲ. ಇಷ್ಟು ವರ್ಷವಾದರೂ ನೀವು ಮದುವೆಯಾಗದೆ ಇರುವುದು ನನಗಾಗಿ ಅಲ್ಲದಿದ್ದರೆ, ಅದನ್ನಾದರೂ ಬರೆಯಿರಿ.

*

ಕೊಡಿಗೇನಹಳ್ಳಿ
೨ ಮೇ ೧೯೮೪

(ಗಿರಿಯಮ್ಮನವರು ಹೇಳಿದ್ದು. ಹೇಳಿದ ಹಾಗೇ ಬರೆದಿದ್ದೇನೆ. – ಜ.ಅ.)

ಲೇ ಜುಂಜಿ,

ಕಾಗ್ದ ಬಂತು, ಓದುಸ್ಕಂಡೆ. ದೊಡ್ಡಪ್ಪನ ಮಗನ ವಿಚಾರ ಕೇಳಿ ಥೂ ಅಂದಿದ್ದು ದಿಟ ಕಣಮ್ಮ. ಅಷ್ಟು ದೂರ ಕುಂತ್ಕಂಡು ಹೆಂಗೆ ಕೇಳಿಸ್ಕಂಡ್ಯೋ ಕಾಣೆ.

ಕ್ಯಾತಪ್ಪುನ್ನ ಕೇಳ್ದೆ. ಆಡು ಕೂಡ್ಬಂದು ಜಗಲಿ ಮ್ಯಾಲೆ ಕುಂತ್ಕಂಡ. ಆಮ್ಯಾಕೆ, ಅತ್ತೆ, ಅವ್ಳು ಬರಾಕಿಲ್ಲ ಅಂತ ನಂಗೆ ಹಾಸ್ಟೆಲ್‌ಗೆ ಬಿಟ್ಬಂದ ಆವತ್ತೇ ಗೊತ್ತಿತ್ತು, ನೀವು ಕೇಳ್ನಿಲ್ಲ, ನಾನೂ ಹೇಳ್ನಿಲ್ಲ ಅಂದ. ಹಟ್ಟಿ ಯಜಮಾನ್ರ ಮುಂದೆ ವೀಳ್ಯ ವಾಪಸ್ ತಗಂಡ. ಅವ್ನು ಅಳ್ನಿಲ್ಲ, ನಾನೇ ಅತ್ತಿದ್ದು. ನಿಮ್ಮಾವ ನಮ್ಮನೆ ನೀರು ಮುಟ್ಟಾಕಿಲ್ಲ ಅಂತವ್ನೆ. ಮುಟ್ದೆ ಎಲ್ಲಿಗೋಗ್ತಾನೆ ಬುಡು.

ರಾಗಿ ಹಿಟ್ಟು ಕಳ್ಸಾಕಾಯ್ತದಾ ಅಂತ ಪೋಸ್ಟಾಫೀಸಲ್ಲಿ ಕೇಳ್ದೆ, ನಗಾಡ್ಬುಟ್ರು. ನೀನು ಹೊಟ್ಟೆ ತುಂಬ ಉಣ್ಣು. ಆ ನೂರಮ್ಮಂಗೆ ಒಳ್ಳೇದಾಗ್ಲಿ.

ನಿಮ್ಮವ್ವ
(ಗಿರಿಯಮ್ಮನವರ ಹೆಬ್ಬೆಟ್ಟಿನ ಗುರುತು)

ಮ.ವಿ.: ಜುಂಜಮ್ಮನವರೇ, ಓದಿ ಹೇಳಬೇಡಿ ಎಂದಿದ್ದನ್ನೂ ಓದಿ ಹೇಳಿದೆ. ಆ ಸಾಲು ಬಾಯಿಂದ ಬಂದ ಮೇಲೆ ನಿಲ್ಲಿಸಿದೆ, ನಿಜ. ನಿಮ್ಮ ತಾಯಿ ಮುಂದಕ್ಕೆ ಓದು ಎಂದರು. ಕಾಗದ ಅವರದು, ನನಗೆ ಬಿಡಲಾಗಲಿಲ್ಲ. ಚಿತ್ತಿಲ್ಲ, ಕಾಟಿಲ್ಲ ಎಂದು ಸಿಟ್ಟಾಗಿದ್ದೀರಿ. ನಿಮಗೆ ಬಂದ ಆ ಕಾಗದ ಮೂರನೆಯ ಪ್ರತಿ, ಮೊದಲಿನ ಎರಡು ಕಳಿಸುವ ಹಾಗಿರಲಿಲ್ಲ.

ಎಲ್ಲ ಕೇಳಿದ ಮೇಲೆ ಅವರು ಎದ್ದು ಬಸ್ಸು ಹತ್ತಿದರು. ಅಂಗಡಿಗೆ ಇನ್ನು ಬರುವುದಿಲ್ಲ ಎಂದುಕೊಂಡಿದ್ದೆ. ಇವತ್ತು ಬಂದು ಮೇಲಿನದನ್ನು ಬರೆಸಿದರು. ಹೆಬ್ಬೆಟ್ಟು ಒತ್ತಿ, ಶಾಯಿಯನ್ನು ಸೆರಗಿಗೆ ಒರೆಸಿಕೊಂಡು, ಮೆಟ್ಟಿಲು ಇಳಿಯುವಾಗ ಹೇಳಿದರು: “ಇನ್ಮ್ಯಾಕೆ ನನ್ ಕಾಗ್ದಾನ ಸ್ಕೂಲ್ ಮೇಷ್ಟ್ರ ಕೈಲಿ ಓದುಸ್ಕತೀನಿ ಕಣಪ್ಪ. ನಿನ್ ಕಾಗ್ದ ನೀನು ಬ್ಯಾರೆ ಬರ್ಕ. ನನ್ ಕಾಗ್ದದ ಬಾಲಕ್ಕೆ ಕಟ್ಬ್ಯಾಡ.”

ಅವರು ಹೇಳಿದಂತೆ ಇಲ್ಲಿಗೆ ನಿಲ್ಲಿಸಿ, ಬೇರೆ ಹಾಳೆ ತೆಗೆದುಕೊಳ್ಳುತ್ತಿದ್ದೇನೆ.

ಜಹೀರ್ ಅಹಮದ್